ಏಳುನೂರ ಹದಿನಾಲ್ಕನೇ ಕೋಣೆಯ ಜ್ವರ

ಅಹಲ್ಯಾ ಕ್ವಾರಂಟೈನ್ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದಳೆಂಬ ಸುದ್ದಿ ಕೇಳಿ ನಗದವರು ಟೋಕಿಯೋದ ಎಡೋಗಾವಾದಲ್ಲಿದ್ದ ಕನ್ನಡದವರಲ್ಲಿ ಯಾರೂ ಇರಲಿಲ್ಲ. ಕೊಂಬಿನಿಯೆಂಬ ಮೂಲೆ ಅಂಗಡಿಯಿಂದ ತಂದ ಹಾಲಿನ ಪ್ಯಾಕೆಟ್ಟನ್ನು ಸೋಪು ಹಾಕಿ ತೊಳೆದು, ಬಾಲ್ಕನಿಯಲ್ಲಿ ಒಣಗಿಸಿ, ಆಮೇಲೆ ಫ್ರಿಜ್ಜಿನೊಳಗೆ ಇಡುತ್ತಿದ್ದವಳು ಅವಳು. ಲಿಫ್ಟಿನ ಗುಂಡಿಯನ್ನು ಮೊಣಕೈಯಲ್ಲಿ ಒತ್ತುವಳು. ಎದುರಿಗೆ ಯಾರಾದರೂ ಕೆಮ್ಮಿದರೆ ಸಾಕು, ಸೆರಗೇ ಇಲ್ಲದ ಜೀನ್ಸು, ಟೀ ಶರ್ಟಿನಲ್ಲೂ ಹೇಗೋ ಮಗಳನ್ನು ಮರೆಮಾಡಿಬಿಡುವಳು.

"ಅವಳೇನ್ರೀ? ಗೆಸ್ಟ್‌ಗಳನ್ನೇ ಸೋಪು ಹಾಕಿ ತೊಳೆದು ಒಣಗಿಸ್ತಾಳೆ ಬಿಡಿ" ಎಂದು ಕೆಳಗಿನ ಮನೆಯ ಸುಭದ್ರಾ ಫೋನಿನಲ್ಲಿ ಯಾರಿಗೋ ಹೇಳಿದ್ದು, ತೆರೆದ ಕಿಟಕಿಯಿಂದ ಮೇಲೇರಿ ಬಂದು ಅಹಲ್ಯಾಳ ಕಿವಿಗೇ ಬಿದ್ದಿತ್ತು.

ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದು, ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕಾಲೇಜೊಂದರಲ್ಲಿ ಮೂರು ವರ್ಷ ಪಾಠ ಮಾಡಿದ್ದವಳು ಅಹಲ್ಯಾ. ಕಂಪನಿಯವರು ಗಂಡ ಶ್ರೀನಾಥನನ್ನು ಟೋಕಿಯೋಗೆ ಕಳಿಸಿದಾಗ ಜೊತೆಗೆ ಬಂದಳು. ವಾರ್ಡ್ ಆಫೀಸಿನವರು ನಡೆಸುವ ತರಗತಿಯಲ್ಲಿ, ನಿವೃತ್ತರಾದ ಅಜ್ಜಿಯರು ಪುಕ್ಕಟೆಯಾಗಿ ಹೇಳಿಕೊಡುವ ಜಪಾನಿ ಭಾಷೆಯನ್ನು ಬಸುರಿನ ಹೊಟ್ಟೆ ಹೊತ್ತುಕೊಂಡೇ ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ, ಮಗಳು ಇಂಚರಾಗೆ ನಾಲ್ಕು ತುಂಬುವ ಹೊತ್ತಿಗೆ ದುಭಾಷಿಗಳನ್ನು ಒದಗಿಸುವ ಒಂದು ಸಂಸ್ಥೆ ತಾನಾಗಿ ಅವಳನ್ನು ಹುಡುಕಿಕೊಂಡು ಬಂತು. ಭಾರತದಿಂದ ಬಂದಿಳಿಯುವವರನ್ನು ವಿಮಾನ ನಿಲ್ದಾಣದಿಂದ ನೇರವಾಗಿ ಹೋಟೆಲಿಗೆ ಒಯ್ದು ಆರು ದಿನ ಕೂಡಿಹಾಕುತ್ತಿದ್ದ ಕಾಲ. ಎರಡು ಸಾವಿರದ ಇಪ್ಪತ್ತೊಂದರ ಮೇ. ಕನ್ನಡ, ಹಿಂದಿ, ಇಂಗ್ಲಿಷ್, ಜಪಾನಿ ನಾಲ್ಕೂ ಬರುವವರು ಬೇಕಾಗಿದ್ದರು.

"ಮನೇಲಿ ಕೂತ್ರೆ ನ್ಯೂಸ್ ನೋಡ್ಕೊಂಡು ಸುಮ್ನೆ ಹೆದರ್ತಿರ್ತೀನಿ ಶ್ರೀ. ಅಲ್ಲಿಗೆ ಹೋದ್ರೆ ನಿಜವಾಗ್ಲೂ ಏನಾಗ್ತಿದೆ ಅಂತ ಗೊತ್ತಾಗುತ್ತೆ" ಎಂದಳು.

"ಅಂದ್ರೆ ಇನ್ಮೇಲೆ ವಿವರವಾಗಿ ಹೆದರಬಹುದು ಅಂತ" ಎಂದ ಶ್ರೀನಾಥ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ.

ಹೋಟೆಲಿನ ಹೆಸರು ತ್ಸುಬಾಮೆ. ಹಾನೆದಾ ವಿಮಾನ ನಿಲ್ದಾಣಕ್ಕೆ ಹತ್ತಿರ, ಹತ್ತು ಮಹಡಿ, ಅಗ್ಗ. ಬೆಳಗಿನ ವಿಮಾನ ಹಿಡಿಯಬೇಕಾದ ಸೇಲ್ಸ್‌ಮನ್ನುಗಳು ರಾತ್ರಿ ಬಂದು ಬಿದ್ದುಕೊಂಡು ನಸುಕಿನಲ್ಲೇ ಎದ್ದು ಹೋಗಲೆಂದು ಕಟ್ಟಿಸಿದ್ದು. ಅಲ್ಲಿ ಆರು ದಿನ ಇರುವುದೆಂದರೆ ಬೇರೆಯೇ ಮಾತು. ಮಂಚ ಬಿಟ್ಟರೆ ಎರಡು ಹೆಜ್ಜೆ ಜಾಗ. ಕಿಟಕಿ ತೆರೆಯುವುದು ಒಂದು ಮುಷ್ಟಿಯಷ್ಟು. ಊಟದ ಡಬ್ಬಿಯನ್ನು ಬಾಗಿಲ ಹೊರಗೆ ಇಟ್ಟಿದ್ದೇವೆಂದು ಗೋಡೆಯ ಸ್ಪೀಕರು ಸಾರಿದ ಮೇಲಷ್ಟೇ ಬಾಗಿಲು ತೆಗೆಯಬೇಕು. ತೆಗೆದು, ಎತ್ತಿಕೊಂಡು, ತಕ್ಷಣ ಮುಚ್ಚಬೇಕು.

ಅಹಲ್ಯಾ ಕೂರುತ್ತಿದ್ದುದು ಎರಡನೇ ಮಹಡಿಯ ಕೋಣೆಯೊಂದರಲ್ಲಿ, ನರ್ಸ್ ಮಿಜುನೊ-ಸಾನ್ ಎದುರಿಗೆ; ಸಾನ್ ಎಂದರೆ ನಮ್ಮಲ್ಲಿಯ 'ಅವರು' ಇದ್ದಂತೆ. ನಡುವೆ ಪ್ಲಾಸ್ಟಿಕ್ ಪರದೆ. ಅತಿಥಿಗಳ ಮುಖವನ್ನು ಅವಳು ಕಂಡದ್ದಿಲ್ಲ, ಎಲ್ಲವೂ ಫೋನಿನಲ್ಲೇ.

"ಮೇಡಂ, ಬಾತ್‌ರೂಮಲ್ಲಿ ಮಗ್ ಇಲ್ಲ."

"ಕಮೋಡ್ ಪಕ್ಕ ಗುಂಡಿಗಳಿದಾವೆ ಸರ್. ಒತ್ತಿದ್ರೆ ನೀರು ತಾನಾಗೇ ಬರುತ್ತೆ."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ದನಿ. "ಬಂತು ಮೇಡಂ. ನಿಂತ್ಕೊಂಡು ಒತ್ತಬಾರದಿತ್ತು."

ಹಿರೋಷಿಮಾದಲ್ಲಿ ಸಂಶೋಧನೆ ಮಾಡುತ್ತಿದ್ದ ಸತ್ಯನಾರಾಯಣ ಎಂಬವನದು ದಿನಕ್ಕೊಂದು ದೂರು. "ಡಬ್ಬಿ ಮೇಲೆ ವೆಜಿಟೇರಿಯನ್ ಅಂತ ಬರ್ದಿದಾರೆ, ಒಪ್ಕೊಂಡೆ. ಒಳಗೆ ಮೀನೂ ಇಲ್ಲ, ಒಪ್ಕೊಂಡೆ. ಆದ್ರೆ ಈ ಪಲ್ಯದಲ್ಲಿ ಮೀನು ಒಂದ್ಸಲ ಓಡಾಡ್ಕೊಂಡು ಹೋಗಿದೆ ಮೇಡಂ, ನನ್ನ ಮೂಗು ಸುಳ್ಳು ಹೇಳಲ್ಲ."

ಇಂಥದ್ದನ್ನೆಲ್ಲ ಜಪಾನಿಗೆ ತಿರುಗಿಸಿ ಹೇಳುವುದು ಅವಳ ಕೆಲಸ. ಕೆಲಸಕ್ಕೆ ಸೇರಿದ ದಿನ ಸಂಸ್ಥೆಯವರು ಒತ್ತಿ ಒತ್ತಿ ಹೇಳಿದ್ದ ನಿಯಮ ಒಂದೇ: ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ ಮುಟ್ಟಿಸಬೇಕು, ತನ್ನದೇನನ್ನೂ ಹೇಳಬಾರದು. ಅತಿಥಿಯೊಬ್ಬರಿಗೆ ಕಷಾಯ ಕುಡಿಯಿರೆಂದು ಸಲಹೆ ಕೊಟ್ಟ ದುಭಾಷಿ ಮರುದಿನದಿಂದ ಕೆಲಸಕ್ಕೆ ಬಂದಿರಲಿಲ್ಲ. ಅಹಲ್ಯಾಗೆ ಈ ನಿಯಮ ಹಿಡಿಸಿತ್ತು. ಮನೆಯಲ್ಲಿ ಮಗಳು ಒಂದು ಸೀನು ಸೀನಿದರೂ ಆ ಸೀನಿಗೆ ತಾನೇ ಹೊಣೆ. ಇಲ್ಲಿ ತಾನು ಬರೀ ಬಾಯಿ.

ಏಳುನೂರ ಹದಿನಾಲ್ಕನೇ ಕೋಣೆಗೆ ಯಾಮಿನಿ ಎಂಬವಳು ಬಂದದ್ದು ಅಂಥ ದಿನಗಳಲ್ಲಿ. ಜೊತೆಗೆ ಐದು ವರ್ಷದ ಮಗಳು ಗಗನಾ, ಎಂಟು ತಿಂಗಳ ಗಂಡುಮಗು ಋಷಭ್. ಗಂಡ ಕಿರಣ ನಗೋಯಾ ಹತ್ತಿರ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಂಜಿನಿಯರು. ಎರಡನೇ ಹೆರಿಗೆಗೆಂದು ಹಾಸನಕ್ಕೆ ಹೋದವಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಮಗ ಹುಟ್ಟಿ ಎಂಟು ತಿಂಗಳಾದರೂ ಕಿರಣ ಅವನನ್ನು ಕಂಡದ್ದು ಫೋನಿನ ಗಾಜಿನಲ್ಲಿ ಮಾತ್ರ. ಇನ್ನೆರಡು ದಿನ ತಡವಾಗಿದ್ದರೆ ಇವರನ್ನು ದೇಶದೊಳಕ್ಕೇ ಬಿಡುತ್ತಿರಲಿಲ್ಲ; ಬಾಗಿಲು ಮುಚ್ಚುವ ಮುಂಚೆ ನುಸುಳಿ ಬಂದವರು.

ಕನ್ನಡ ಮಾತಾಡುವವರಿದ್ದಾರೆಂದು ಗೊತ್ತಾದ ಗಳಿಗೆಯಿಂದ ಯಾಮಿನಿ ದಿನಕ್ಕೆ ನಾಲ್ಕು ಸಲ ಫೋನು ಮಾಡತೊಡಗಿದಳು. ಮೊದಲ ದಿನ ಮೇಡಂ, ಎರಡನೇ ದಿನದಿಂದ ಅಕ್ಕ.

"ಅಕ್ಕ, ಮೂರನೇ ದಿನದ ಟೆಸ್ಟ್ ಮೂವರಿಗೂ ನೆಗೆಟಿವ್ ಅಂದ್ರಲ್ಲ, ನಿಜ ತಾನೆ? ಇನ್ನೊಂದ್ಸಲ ಪೇಪರ್ ನೋಡ್ತೀರಾ?"

ಇನ್ನೊಂದು ಸಲ ನೋಡಿದೆನೆಂದು ಹೇಳುವ ಮೊದಲೇ ಅಹಲ್ಯಾ ಎರಡು ಸಲ ನೋಡಿಯಾಗಿತ್ತು.

ಆರನೇ ದಿನದ ಪರೀಕ್ಷೆಯೊಂದು ಮುಗಿದರೆ ಆಯಿತು, ಕಿರಣ ಕಾರು ತಂದು ಕರೆದೊಯ್ಯುವವನಿದ್ದ. ಆದರೆ ಐದನೇ ದಿನದ ಬೆಳಗ್ಗೆ ಯಾಮಿನಿ ಕಳಿಸಿದ ದಿನದ ಮೈಬಿಸಿಯ ಚೀಟಿಯಲ್ಲಿ ಗಗನಾಳ ಹೆಸರಿನ ಮುಂದೆ ಮೂವತ್ತೇಳು ಪಾಯಿಂಟ್ ಆರು ಎಂದಿತ್ತು.

ಜಪಾನಿನಲ್ಲಿ ಮಕ್ಕಳಿರುವ ಯಾರಿಗೂ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಸೆಲ್ಸಿಯಸ್ಸಿನಲ್ಲಿ ಮೂವತ್ತೇಳೂವರೆಯೇ ಗೆರೆ. ಗೆರೆ ದಾಟಿತೋ, ಜ್ವರ. ಮಿಜುನೊ-ಸಾನ್ ಗಂಟೆ ಬಿಟ್ಟು ಮತ್ತೆ ನೋಡಲು ಹೇಳಿದರು. ಮೂವತ್ತೇಳು ಪಾಯಿಂಟ್ ಏಳು ಎಂದು ಉತ್ತರ ಬಂತು. ಅವರು ವೈದ್ಯರಿಗೆ ಫೋನು ಮಾಡಿ, ತಲೆಯಾಡಿಸುತ್ತ ಬರೆದುಕೊಂಡು, ಬರೆದದ್ದನ್ನು ಪರದೆಯ ಆಚೆಯಿಂದ ಅಹಲ್ಯಾಗೆ ಓದಿ ಹೇಳಿದರು.

ಅಹಲ್ಯಾ ಯಾಮಿನಿಗೆ ಫೋನು ಹಚ್ಚಿ, ಒಂದೊಂದೇ ಮಾತನ್ನು ಮುಟ್ಟಿಸಿದಳು. ಎರಡು ಗಂಟೆಗೆ ವ್ಯಾನ್ ಬರುತ್ತದೆ. ಗಗನಾಳನ್ನು ಜ್ವರದವರ ಕೇಂದ್ರಕ್ಕೆ ಒಯ್ದು ಪರೀಕ್ಷೆ ಮಾಡುತ್ತಾರೆ. ಕಡಿಮೆಯೆಂದರೆ ಎರಡು ರಾತ್ರಿ ಅಲ್ಲಿರಬೇಕು.

"ನಾವೂ ರೆಡಿ ಆಗ್ತೀವಿ ಅಕ್ಕ."

"ಯಾಮಿನಿ ಅವ್ರೇ... ಜೊತೆಗೆ ಒಬ್ರು ದೊಡ್ಡೋರು ಹೋಗ್ಬಹುದಂತೆ. ಆದ್ರೆ ಆ ವಿಭಾಗಕ್ಕೆ ಜ್ವರ ಇಲ್ದಿರೋ ಕೈಗೂಸನ್ನ ಬಿಡಲ್ವಂತೆ. ನೀವು ಹೋದ್ರೆ ಪಾಪೂನ ಶಿಶುಕೇಂದ್ರದೋರು ನೋಡ್ಕೋತಾರಂತೆ. ಇಲ್ಲಾ ನೀವು ಪಾಪು ಜೊತೆ ಇಲ್ಲೇ ಇದ್ರೆ, ಗಗನಾ ಜೊತೆ ನರ್ಸ್ ಹೋಗ್ತಾರಂತೆ."

ಅಹಲ್ಯಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ಯಾಮಿನಿ ಅವ್ರೇ, ಕೇಳಿಸ್ತಾ?"

"ಪಾಪು ಬಾಟ್ಲು ಬಾಯಿಗೇ ಹಾಕಲ್ಲ ಅಕ್ಕ. ನನ್ನ ಹಾಲು ಬಿಟ್ರೆ ಏನೂ ಇಲ್ಲ. ಗಗನಾಗೆ ಜಪಾನೀಸ್ ಪೂರ್ತಿ ಮರ್ತೋಗಿದೆ. ಇಟ್ಟುಕೊಳ್ಳೋದು ಯಾರನ್ನ, ಕಳಿಸೋದು ಯಾರನ್ನ ಹೇಳಿ. ನೀವೂ ಒಬ್ರು ತಾಯಿ ಅಲ್ವಾ?"

ಇದಕ್ಕೆ ನಿಯಮದಲ್ಲಿ ಉತ್ತರವಿರಲಿಲ್ಲ. ಯಾಮಿನಿ ಅಳುತ್ತಲೇ, ತನ್ನ ಮೇಲೆ ಯಾರೋ ತಪ್ಪು ಹೊರಿಸಿದ್ದಾರೆಂಬಂತೆ ಹೇಳತೊಡಗಿದಳು. "ನಾನೇನೂ ಕೇರ್‌ಲೆಸ್ ಆಗಿಲ್ಲ ಅಕ್ಕ. ಹೋಟೆಲ್‌ನೋರು ಕೊಟ್ಟ ಥರ್ಮಾಮೀಟರ್ ಮುಟ್ಟೂ ಇಲ್ಲ, ಯಾರ್ಯಾರ ಕಂಕುಳಲ್ಲಿತ್ತೋ ಏನೋ. ಹಾಸನದಿಂದ ತಂದಿರೋದ್ರಲ್ಲೇ ನೋಡಿದೆ. ತೊಂಬತ್ತೆಂಟು ಪಾಯಿಂಟ್ ಆರು ಬಂತು. ಕಂಕುಳಲ್ವಾ, ಒಂದು ಸೇರಿಸ್ಕೊಂಡೆ. ಆಮೇಲೆ ಫೋನಲ್ಲಿ ಸೆಲ್ಸಿಯಸ್ ಮಾಡಿ ನೀಟಾಗಿ ಬರ್ದು ಕಳಿಸ್ದೆ. ಏನಾದ್ರೂ ಮುಚ್ಚಿಟ್ನಾ ಹೇಳಿ?"

"ಇಲ್ಲ ಇಲ್ಲ, ಸರಿಯಾಗೇ ಮಾಡಿದೀರ" ಎಂದಳು ಅಹಲ್ಯಾ.

ಫೋನು ಇಟ್ಟಾಗ ಹನ್ನೆರಡಕ್ಕೆ ಹತ್ತು ನಿಮಿಷ. ಮಧ್ಯಾಹ್ನದ ಡಬ್ಬಿಗಳು ಬಂದಿವೆಯೆಂದು ಸ್ಪೀಕರು ಸಾರುತ್ತಿತ್ತು. ಮಿಜುನೊ-ಸಾನ್ ಊಟಕ್ಕೆ ಮುಂಚಿನ ವಾಡಿಕೆಯಂತೆ ಕೋಟಿನ ಕೊರಳಿನೊಳಗೆ ಕೈ ಹಾಕಿ, ಕಂಕುಳಲ್ಲಿ ಥರ್ಮಾಮೀಟರು ಸಿಕ್ಕಿಸಿಕೊಂಡು, ಅದು ಪೀ ಎಂದಾಗ ತೆಗೆದು ನೋಡಿ, ತಮ್ಮ ಹಾಳೆಯಲ್ಲಿ ಮೂವತ್ತಾರು ಪಾಯಿಂಟ್ ನಾಲ್ಕು ಎಂದು ಬರೆದರು. ಪರದೆಯ ಈಚೆ ಕೂತು, ಕಲ್ಲಾದಂತೆ ನೋಡುತ್ತಿದ್ದ ಅಹಲ್ಯಾ ಇದ್ದಕ್ಕಿದ್ದಂತೆ, ಕ್ಷಮೆ ಬೇಡುತ್ತಲೇ, ಕೇಳಿದಳು.

"ಮಿಜುನೊ-ಸಾನ್, ಸುಮಿಮಾಸೆನ್. ನೀವು ಸೇರಿಸಲಿಲ್ಲವಲ್ಲ?"

"ಏನನ್ನು?"

"ಕಂಕುಳಲ್ಲಿ ನೋಡಿದರೆ... ಒಂದು."

"ಒಂದು ಏನು, ಅಹಲ್ಯಾ-ಸಾನ್?" ಎಂದು ಅವರು ನಿಜವಾಗಿಯೂ ಅರ್ಥವಾಗದೆ ಕೇಳಿದರು.

ಮೈಸೂರಿನಲ್ಲಿ ಅಹಲ್ಯಾಳ ಅಮ್ಮ ಕಮಲಾ ಜ್ವರ ನೋಡುತ್ತಿದ್ದುದೇ ಹಾಗೆ: ಬಾಯಲ್ಲಾದರೆ ಬಂದದ್ದು, ಕಂಕುಳಲ್ಲಾದರೆ ಬಂದದ್ದಕ್ಕೆ ಒಂದು ಕೂಡಿಸಿ. ಬಾಣಂತನದಲ್ಲಿ ಅಮ್ಮ ವಿಡಿಯೋ ಕಾಲಿನಲ್ಲಿ ಮೊದಲು ಹೇಳಿಕೊಟ್ಟ ಪಾಠಗಳಲ್ಲಿ ಇದೂ ಒಂದು. ಅಂದಿನಿಂದ ಇಂದಿನವರೆಗೆ ಇಂಚರಾಳ ಮೈ ಮುಟ್ಟಿ ನೋಡಿದಾಗಲೆಲ್ಲ ಅವಳೂ ಕೂಡಿಸಿದ್ದಳು. ಪ್ರಪಂಚವೆಲ್ಲ ಕೂಡಿಸುತ್ತದೆಂದೇ ತಿಳಿದಿದ್ದಳು. ಇಲ್ಲಿಯವರ ಮೂವತ್ತೇಳೂವರೆಯ ಗೆರೆಯಾದರೋ ಕಂಕುಳಿನ ಗೆರೆ. ಏನನ್ನೂ ಕೂಡಿಸದೆ ಎಳೆದದ್ದು. ತೊಂಬತ್ತೆಂಟು ಪಾಯಿಂಟ್ ಆರು ಎಂದರೆ ಬರೀ ಮೂವತ್ತೇಳು. ಆ ಮಗುವಿಗೆ ಜ್ವರವೇ ಇಲ್ಲ.

ಇದ್ದರೆ? ತಕ್ಷಣವೇ ಇನ್ನೊಂದು ಭಯ ಮೊದಲ ಭಯದ ಬೆನ್ನು ಹತ್ತಿತು. ಹಾಸನದಿಂದ ಸೂಟ್‌ಕೇಸಿನಲ್ಲಿ ಬಂದ ಥರ್ಮಾಮೀಟರು ಸರಿಯಿದೆಯೆಂದು ಯಾರು ಕಂಡರು? ತನ್ನ ಮಾತು ಕೇಳಿ ವ್ಯಾನು ಹಿಂದಕ್ಕೆ ಹೋಗಿ, ನಾಳೆ ಮಗುವಿಗೆ ರೋಗ ಬಂದಿದೆಯೆಂದು ತಿಳಿದರೆ? ಆ ಕೋಣೆಯ ಎಂಟು ತಿಂಗಳ ಕೂಸಿಗೂ ತಗುಲಿದರೆ? ಊರಲ್ಲಿ ಆ ತಿಂಗಳು ದಿನಾ ಬರುತ್ತಿದ್ದ ಸುದ್ದಿಗಳೆಲ್ಲ ಕಣ್ಣಿಗೆ ಬಂದವು. ಸುಮ್ಮನಿದ್ದರೆ ತಪ್ಪು ತನ್ನದಲ್ಲ, ಬರೀ ಬಾಯಿಯಾಗಿ ಉಳಿಯಬಹುದು. ಬಾಯಿ ಬಿಟ್ಟರೆ ಆಮೇಲೆ ಆಗುವುದೆಲ್ಲ ತನ್ನ ತಲೆಗೆ.

ಹನ್ನೆರಡೂ ಇಪ್ಪತ್ತಾಯಿತು. ಎರಡೂ ಕಡೆ ಹೆದರಿಕೆ ಸಮನಾಗಿ ತೂಗಿದ್ದು ಅವಳ ಜೀವನದಲ್ಲಿ ಅದೇ ಮೊದಲು. ಕೊನೆಗೆ ಅವಳ ಮನಸ್ಸಿಗೆ ಬಂದದ್ದು ಬಾಟಲಿಯನ್ನು ಬಾಯಿಗೇ ಹಾಕದ ಕೂಸಲ್ಲ, ಜಪಾನಿ ಮರೆತ ಹುಡುಗಿಯೂ ಅಲ್ಲ. ಸರಿಯಾಗೇ ಮಾಡಿದೀರ ಎಂದು ತಾನೇ ಹೇಳಿದ್ದು. ನಿಯಮ ಆಗಲೇ ಮುರಿದಿತ್ತು. ಮುರಿದದ್ದೂ ತಪ್ಪು ಮಾತಿಗೆ.

ಎದ್ದು ಪರದೆಯ ಮುಂದೆ ಹೋಗಿ ನಿಂತಳು. ಬೆನ್ನು ಬಾಗಿಸಿ ಎಲ್ಲವನ್ನೂ ಹೇಳಿದಳು.

ಮಿಜುನೊ-ಸಾನ್ ಪೆನ್ನು ಕೆಳಗಿಟ್ಟರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. "ಹಾಳೆಯಲ್ಲಿ ಮೂವತ್ತೇಳು ಪಾಯಿಂಟ್ ಆರು ಎಂದಿದೆ. ವ್ಯಾನ್ ಬರುತ್ತದೆ ಎಂದ ಮೇಲೆ ಆ ತಾಯಿ ಹೀಗೆ ಹೇಳಿದರೆ, ವೈದ್ಯರಿಗೆ ಅದು ಹೇಗೆ ಕೇಳಿಸುತ್ತದೆ ಗೊತ್ತಲ್ಲ?"

"ತಪ್ಪಿಸಿಕೊಳ್ಳೋದಕ್ಕೆ ಹೇಳಿದ್ದಲ್ಲ. ತಾನು ಎಷ್ಟು ಜಾಗ್ರತೆಯಿಂದ ನೋಡಿದೆ ಅಂತ ತೋರಿಸೋದಕ್ಕೆ ಹೇಳಿದರು. ನಾನು ಸರಿ ಎಂದೆ. ಯಾಕೆಂದರೆ..." ಕೆನ್ನೆ ಬಿಸಿಯಾಯಿತು. "ನಾನೂ ಹಾಗೇ ಮಾಡುತ್ತೇನೆ. ನಾಲ್ಕು ವರ್ಷದಿಂದ, ನನ್ನ ಮಗಳಿಗೆ. ಹೋದ ಚಳಿಗಾಲದಲ್ಲಿ ಅವಳನ್ನು ಶಿಶುವಿಹಾರಕ್ಕೆ ಕಳಿಸದೆ ಇಟ್ಟುಕೊಂಡ ಹನ್ನೊಂದು ದಿನವೂ..."

ಮಿಜುನೊ-ಸಾನ್ ತಲೆಯೆತ್ತಿ ಅವಳನ್ನು ನೋಡಿದರು. ಕನ್ನಡಕದ ಹಿಂದೆ ಕಣ್ಣು ಒಂದಿಷ್ಟು ಅಲುಗಿದಂತೆ ಕಂಡಿತು. ನಗುವೋ ಅಲ್ಲವೋ, ಮಾಸ್ಕಿನ ಮೇಲಿನಿಂದ ಹೇಳುವುದು ಕಷ್ಟ.

"ನಾನೇ ಹೋಗಿ ನೋಡುತ್ತೇನೆ. ನೀವು ಫೋನಿನಲ್ಲಿರಿ" ಎಂದರು.

ಅವರು ಮೇಲಿನವರ ಅಪ್ಪಣೆ ಪಡೆದು, ನಿಲುವಂಗಿ, ಎರಡು ಜೊತೆ ಕೈಗವಸು, ಮುಖದ ಮುಂದಿನ ಗಾಜು ಎಲ್ಲ ತೊಟ್ಟು ಏಳನೇ ಮಹಡಿ ಮುಟ್ಟುವಷ್ಟರಲ್ಲಿ ಒಂದೂವರೆ. ಅಹಲ್ಯಾ ಯಾಮಿನಿಗೆ ಒಂದೇ ಉಸಿರಿನಲ್ಲಿ ಹೇಳಿದಳು. "ಮಗೂಗೆ ಹೊದಿಸಿರೋ ರಗ್ಗು ತೆಗೀರಿ. ಸ್ವೆಟರ್ ಹಾಕಿದೀರಾ?"

"ಎರಡು. ಎ.ಸಿ. ಗಾಳಿ ಅಂತ. ಸಾಕ್ಸೂ."

"ಅಯ್ಯೋ, ಬಿಚ್ಚಿ! ಕಂಕುಳ ಬೆವರು ಒರೆಸಿ. ನರ್ಸ್ ಬರ್ತಿದಾರೆ, ಅವರ ಥರ್ಮಾಮೀಟರಲ್ಲೇ ನೋಡ್ತಾರೆ."

ಬಾಗಿಲು ತೆರೆದ ಸದ್ದು ಫೋನಿನ ಸ್ಪೀಕರಿನಲ್ಲಿ ಕೇಳಿಸಿತು. ಅದರ ಬೆನ್ನಿಗೇ ಕಿಟಾರನೆ ಕಿರುಚಿದ ಸದ್ದು. ಐದು ದಿನದಿಂದ ಅಮ್ಮನನ್ನು ಬಿಟ್ಟರೆ ಮನುಷ್ಯರ ಮುಖ ಕಾಣದ ಹುಡುಗಿಗೆ ಮೊದಲು ಕಂಡದ್ದು ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ ಸುತ್ತಿಕೊಂಡ ಆಕೃತಿ. ಅಕ್ಕ ಕಿರುಚಿದ್ದಕ್ಕೆ ತಮ್ಮನೂ ಶುರುಮಾಡಿದ. ಅತ್ತಷ್ಟೂ ಮೈ ಬಿಸಿಯಾಗುತ್ತದೆಂಬುದು ಅಹಲ್ಯಾಗೆ ಗೊತ್ತಿತ್ತು. ಗಡಿಯಾರ ನೋಡಿದಳು.

"ಗಗನಾ, ಗಗನಾ ಪುಟ್ಟಿ, ನಾನು ಫೋನ್ ಆಂಟಿ. ಕೇಳಿಸ್ತಾ?"

"ಇಂಜೆಕ್ಷನ್ ಬೇಡಾ!"

"ಇಂಜೆಕ್ಷನ್ ಅಲ್ವೇ ಅಲ್ಲ ಕಣಮ್ಮ. ಕಂಕುಳಲ್ಲಿ ಇಟ್ಕೊಂಡ್ರೆ ಪೀ ಅನ್ನುತ್ತೆ ಅಷ್ಟೇ. ಎಷ್ಟು ಹೊತ್ತಿಗೆ ಅನ್ನುತ್ತೆ ನನಗೂ ಗೊತ್ತಿಲ್ಲ. ನೀನು ಎಣಿಸಿ ಹೇಳ್ತೀಯಾ ನನಗೆ?"

ಬಿಕ್ಕುವ ಸದ್ದು. ಆಮೇಲೆ, "ಇಂಗ್ಲಿಷಲ್ಲಾ ಕನ್ನಡದಲ್ಲಾ?"

"ನಿಂಗೆ ಯಾವುದಿಷ್ಟಾನೋ ಅದ್ರಲ್ಲಿ."

ಒನ್, ಟೂ, ಥ್ರೀ ಎಂದು ಮೂಗೊರೆಸಿಕೊಳ್ಳುತ್ತಾ ಶುರುವಾದ ಎಣಿಕೆ ಇಪ್ಪತ್ತೊಂಬತ್ತರ ನಂತರ ಮತ್ತೆ ಇಪ್ಪತ್ತಕ್ಕೆ ಹೋಯಿತು. ಯಾರೂ ತಿದ್ದಲಿಲ್ಲ. ಪೀ ಎಂದಿತು.

"ಮೂವತ್ತೇಳು ಪಾಯಿಂಟ್ ಎರಡು" ಎಂದರು ಮಿಜುನೊ-ಸಾನ್. ಅತ್ತಿರುವ ಮಗು, ಸ್ವಲ್ಪ ಬಿಟ್ಟು ಇನ್ನೊಮ್ಮೆ ನೋಡುತ್ತೇನೆಂದು ಅಲ್ಲೇ ಬಾಗಿಲಲ್ಲಿ ನಿಂತರು. ಕೆಳಗೆ ವ್ಯಾನು ಬಂದು ನಿಂತದ್ದು ಅಹಲ್ಯಾಗೆ ಕಿಟಕಿಯಿಂದ ಕಂಡಿತು. ಚಾಲಕ ಇಳಿದು ಹಿಂದಿನ ಬಾಗಿಲು ತೆರೆದು, ಟೋಪಿ ಸರಿಮಾಡಿಕೊಂಡು ಕಾಯತೊಡಗಿದ. ಹತ್ತು ನಿಮಿಷ. ಫೋನಿನಲ್ಲಿ ಕೂಸು ಹಾಲು ಕುಡಿಯುವ ಸದ್ದೊಂದೇ. ಎರಡನೇ ಸಲ ಮೂವತ್ತೇಳು. ಬರೀ ಮೂವತ್ತೇಳು.

ವೈದ್ಯರ ಜೊತೆ ಮಿಜುನೊ-ಸಾನ್ ಮಾತಾಡಿದ್ದು ಬಹಳ ಹೊತ್ತು. ಎರಡು ಗಂಟೆಗೊಮ್ಮೆ ನೋಡಬೇಕು, ಗೆರೆ ದಾಟಿದರೆ ಆ ಕ್ಷಣ ಕಳಿಸಬೇಕು, ಎಲ್ಲ ನಿರ್ಧಾರವಾಗುವುದು ನಾಳೆಯ ಪರೀಕ್ಷೆಯಲ್ಲಿ ಎಂದಾಯಿತು. ವ್ಯಾನು ಖಾಲಿಯಾಗಿ ಹಿಂದಿರುಗಿತು.

ಅಹಲ್ಯಾ ಕೆಲಸ ಹೋಯಿತೆಂದೇ ಕಾದಿದ್ದಳು. ಮಿಜುನೊ-ಸಾನ್ ನಿಲುವಂಗಿ ಕಳಚಿ, ಮೂರು ಸಲ ಕೈ ತೊಳೆದು ಬಂದು, ಭಾರತದಿಂದ ಬಂದವರ ಕೋಣೆಗಳ ಪಟ್ಟಿಯನ್ನು ಅವಳ ಮುಂದಿಟ್ಟರು. "ಎಲ್ಲರಿಗೂ ಫೋನು ಮಾಡಿ. ಸೇರಿಸಿದ್ದಾರೆಯೇ ಎಂದು ಕೇಳಿ."

ಇಪ್ಪತ್ತಮೂರು ಕೋಣೆಗಳಲ್ಲಿ ಒಂಬತ್ತು ಕೋಣೆಯವರು ಕೂಡಿಸಿದ್ದರು. ಇಬ್ಬರು ಥರ್ಮಾಮೀಟರನ್ನೇ ಮುಟ್ಟದೆ, ಹಿಂದಿನ ದಿನದ್ದನ್ನು ನೋಡಿ ಬರೆದಿದ್ದರು. ಸತ್ಯನಾರಾಯಣ ಕೂಡಿಸಿಲ್ಲ, ಕಳೆದಿದ್ದ. "ಬಿಸಿ ನೀರು ಕುಡಿದಿದ್ದೆ ಮೇಡಂ. ಅದರ ಶಾಖ ನನ್ನ ಲೆಕ್ಕಕ್ಕೆ ಯಾಕೆ ಬರಬೇಕು?" ಮಿಜುನೊ-ಸಾನ್‌ಗೆ ಇದನ್ನು ಚಾಚೂ ತಪ್ಪದೆ ಮುಟ್ಟಿಸಿದಳು. ಅವರು ಪೆನ್ನು ಕೆಳಗಿಟ್ಟು, ಮಾಸ್ಕಿನ ಮೇಲೆ ಕೈ ಮುಚ್ಚಿಕೊಂಡು ಆ ಕಡೆ ತಿರುಗಿ ಕೂತರು. ಹೆಗಲು ಕುಲುಕುತ್ತಿತ್ತು.

ಮರುದಿನ ಅಹಲ್ಯಾಗೆ ರಜೆ. ವಾರಕ್ಕೆ ಇಪ್ಪತ್ತೆಂಟೇ ಗಂಟೆ ದುಡಿಯಬೇಕೆಂಬ ವೀಸಾದ ಕಟ್ಟು, ಹೋಗುತ್ತೇನೆಂದರೂ ಬಿಡುವಂತಿಲ್ಲ. ಬೆಳಗ್ಗೆ ಏಳಕ್ಕೆ ಪರೀಕ್ಷೆಗೆಂದು ಎಂಜಲು ತೆಗೆದುಕೊಂಡಿರುತ್ತಾರೆ. ಹನ್ನೆರಡರ ಹೊತ್ತಿಗೆ ಫಲಿತಾಂಶ. ಸೌತೆಕಾಯಿ ಹೆಚ್ಚುತ್ತಾ ಕೂತವಳು ಹೆಚ್ಚಿದ್ದನ್ನೇ ಮತ್ತೆ ಹೆಚ್ಚಿದಳು. ಪಾಸಿಟಿವ್ ಬಂದಿದ್ದರೆ ನಿನ್ನೆಯೇ ಹೋಗಬೇಕಿದ್ದ ಮಗು ಒಂದು ರಾತ್ರಿಯಿಡೀ ಕೂಸಿನ ಪಕ್ಕ ಮಲಗಿತ್ತು ಎಂದಾಗುತ್ತದೆ. ಮಲಗಿಸಿದವಳು ತಾನು. ಒಂದು ಗಂಟೆಯಾಯಿತು. ಅತಿಥಿಗಳ ವಿಷಯ ಮನೆಯಿಂದ ವಿಚಾರಿಸುವಂತಿಲ್ಲ. ಒಂದೂಕಾಲಿಗೆ ತಡೆಯಲಾರದೆ ಹೋಟೆಲಿಗೆ ಫೋನು ಮಾಡಿದಳು.

"ಸುಮಿಮಾಸೆನ್, ಮಿಜುನೊ-ಸಾನ್. ನನ್ನ ಕೊಡೆ ಅಲ್ಲೇ ಬಿಟ್ಟೆನೇ ಅಂತ..."

"ಕೊಡೆ ಇಲ್ಲಿಲ್ಲ" ಎಂದರು ಮಿಜುನೊ-ಸಾನ್, ಎಂದಿನ ಸಮದನಿಯಲ್ಲಿ. "ಏಳುನೂರ ಹದಿನಾಲ್ಕನೇ ಕೋಣೆಯನ್ನೂ ಈಗಷ್ಟೇ ನೋಡಿ ಬಂದೆ. ಖಾಲಿಯಾಗಿದೆ. ಮೂವರೂ ಕಾರಿನಲ್ಲಿ ಹೋದರು. ತಂದೆ ಬಹಳ ಅಳುತ್ತಿದ್ದರು. ಅಲ್ಲೂ ಕೊಡೆ ಇರಲಿಲ್ಲ."

ಫೋನು ಇಟ್ಟು ಅಹಲ್ಯಾ ಅಡುಗೆಮನೆಯ ನೆಲದ ಮೇಲೆಯೇ ಕೂತುಬಿಟ್ಟಳು. ಉದ್ದನೆಯ ಉಸಿರೊಂದು ಬಂತು. ಉಸಿರು ಪೂರ್ತಿ ಹೊರಗೆ ಹೋಗುವ ಮೊದಲೇ ಏನೋ ಹೊಳೆದು ಧಡಕ್ಕನೆ ಎದ್ದಳು.

"ಶ್ರೀ, ನಗೋಯಾಗೆ ಕಾರಲ್ಲಿ ಐದು ಗಂಟೆ ಆಗುತ್ತೆ ಅಲ್ವಾ?"

"ಟ್ರಾಫಿಕ್ ಇಲ್ದಿದ್ರೆ. ಯಾಕೆ?"

"ಅಳ್ತಾ ಇದ್ನಂತೆ. ಅಳ್ತಾ ಯಾರಾದ್ರೂ ಎಕ್ಸ್‌ಪ್ರೆಸ್‌ವೇನಲ್ಲಿ ಡ್ರೈವ್ ಮಾಡ್ತಾರಾ?"